ಕ್ಲಿಪ್ಪು ಹಾಕಿದ ಪುಟಗಳು

ನನ್ನ ಕೈ ಮೊದಲಿನಿಂದಲೂ ಮುಂದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆಲ್ಲ ಅನುಕೂಲ. ಬೇರೆಯವರಿಗೆ ಸಿಟ್ಟು ಬಂದರೆ ಮಾತು ಏಳುತ್ತದೆ, ನನಗೆ ಕೈ ಏಳುತ್ತದೆ. ಚಿಂತೆಯಾದರೂ ಅಷ್ಟೇ. ಮಗಳು ಸಣ್ಣವಳಿದ್ದಾಗ ಶಾಲೆಯಿಂದ ಬರುವುದು ಅರ್ಧ ತಾಸು ತಡವಾಯಿತೆಂದರೆ ನಾನು ಬಾಗಿಲಲ್ಲಿ ನಿಂತು ಕಬ್ಬಿನ ಲಾರಿ ಹಾಯಿತೋ, ಬಾವಿಗೆ ಬಿದ್ದಳೋ, ಯಾರಾದರೂ ಎತ್ತಿಕೊಂಡು ಹೋದರೋ ಎಂದು ಇಲ್ಲದ್ದನ್ನೆಲ್ಲ ನೆನೆಸಿ ಬೆವರುತ್ತಿದ್ದೆ. ಅವಳು ಸಂದಿಯ ತುದಿಯಲ್ಲಿ ನೆಟ್ಟಗೆ ನಡೆದು ಬರುವುದು ಕಂಡ ಕೂಡಲೇ ಓಡಿಹೋಗಿ ಕಪಾಳಕ್ಕೆ ಎರಡು ಬಿಗಿಯುತ್ತಿದ್ದೆ. ಆಮೇಲೆ ಅಪ್ಪಿಕೊಂಡು ಅಳುತ್ತಿದ್ದೆ. ಒಂದು ಸಲ ಅವಳು ಕೆನ್ನೆ ಹಿಡಿದುಕೊಂಡು ಕೇಳಿದ್ದಳು, "ಜೀವಂತ ಬಂದಿದ್ದಕ್ಕ ಹೊಡಿತೀಯೇನಬೇ?" ಅದಕ್ಕೂ ಒಂದು ಬಿಗಿದೆ.

ನಮ್ಮದು ಬನಹಟ್ಟಿಯಲ್ಲಿ ಎರಡು ವಿದ್ಯುತ್ ಮಗ್ಗದ ಮನೆ. ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದಿನ ಖೋಲಿಯಲ್ಲಿ ನಾವು. ಮಗ್ಗ ನಡೆಯುವಾಗ ಪಕ್ಕದವರಿಗೆ ನೀರು ಕೇಳಬೇಕಾದರೂ ಜಗಳ ತೆಗೆದಂತೆ ಕೂಗಬೇಕು. ಲಾಳಿ ಎಂಬುದು ಮೊಳದುದ್ದದ ಕಟ್ಟಿಗೆ, ಎರಡೂ ತುದಿಗೆ ಕಬ್ಬಿಣದ ಮೊನೆ. ಅದು ಆ ಕಡೆಯಿಂದ ಈ ಕಡೆಗೆ ಹಾರುತ್ತಲೇ ಇರುತ್ತದೆ, ಅದರ ಹೊಟ್ಟೆಯೊಳಗಿನ ನೂಲು ಬಟ್ಟೆಯಾಗುತ್ತದೆ. ಒಮ್ಮೊಮ್ಮೆ ದಾರಿ ತಪ್ಪಿ ಮಗ್ಗ ಬಿಟ್ಟು ಹೊರಗೆ ಹಾರುತ್ತದೆ. ನನ್ನ ಗಂಡನ ಎಡ ಹುಬ್ಬಿನ ಮೇಲೆ ಅಂಥದೊಂದು ಗುರುತಿದೆ. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ರಕ್ತ ಒರೆಸಿಕೊಂಡು ಅವನು ಮತ್ತೆ ಮಗ್ಗ ಚಾಲೂ ಮಾಡಿದ. ಅವನು ಅಂಥ ಮನುಷ್ಯ, ತಣ್ಣಗೆ. ಹೊಡೆಯುವುದು, ಬೈಯುವುದು, ಚಿಂತೆ ಮಾಡುವುದು, ಮೂರನ್ನೂ ನನಗೇ ಬಿಟ್ಟುಕೊಟ್ಟಿದ್ದ.

ಮಗಳನ್ನು ಮುಧೋಳಕ್ಕೆ ಕೊಟ್ಟೆವು. ಹುಡುಗ ನಮ್ಮಂತೆ ಯೇಸುವಿನ ವಿಶ್ವಾಸದವನೇ, ಪ್ರಾರ್ಥನೆ ಮನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಕಣ್ಣು ಮುಚ್ಚಿ ಬಾರಿಸಿದನೆಂದರೆ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡಿದ್ದೆ. ಎಂಥ ಮೆತ್ತನೆಯ ಬೆರಳು ಎಂದುಕೊಂಡಿದ್ದೆ. ಮದುವೆಯಾಗಿ ಮೂರು ತಿಂಗಳಿಗೆ ಮಗಳು ತವರಿಗೆ ಬಂದಾಗ ಅವಳ ತೋಳಿನ ಮೇಲೆ ಅದೇ ಬೆರಳುಗಳ ಗುರುತು ನೀಲಿಗಟ್ಟಿತ್ತು.

"ಕದ ಬಡೀತವ್ವ," ಅಂದಳು.

ಕದಕ್ಕೆ ಐದು ಬೆರಳು ಇರುವುದಿಲ್ಲ. ಹೊಡೆದು ರೂಢಿ ಇದ್ದವಳಿಗೆ ಗುರುತು ತಿಳಿಯುವುದಿಲ್ಲವೇ? ತಿಳಿಯಿತು. ತಿಳಿದೂ ನಾನು ಹೇಳಿದ್ದು ಇಷ್ಟು: "ಗಂಡಸರ ಕೈ ಒಂದೀಟು ಬಿರುಸ ಇರತೈತಿ. ಸಂಸಾರ ಅಂದಮ್ಯಾಲ ತಾಳ್ಕೋಬೇಕು. ಪ್ರಾರ್ಥನಾ ಮಾಡು, ಸುಧಾರಸ್ತಾನ." ಅವಳು ತಲೆ ಅಲ್ಲಾಡಿಸಿ ಮುಧೋಳದ ಬಸ್ಸು ಹತ್ತಿದಳು.

ಆಮೇಲೆ ಕಂಡಕಿ ಸುತ್ತುವಾಗ ನೂಲು ಹರಿಯತೊಡಗಿತು. ಲಾಳಿಯೊಳಗೆ ಹಾಕುವ ನೂಲಿನ ಸುರುಳಿ ಅದು. ನಿದ್ದೆಗಣ್ಣಲ್ಲೂ ಸುತ್ತಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ಈಗ ಫೋನು ಸದ್ದು ಮಾಡಿದರೂ ಸುತ್ತುವುದು ಬಿಟ್ಟು ಏಳುತ್ತಿದ್ದೆ, ಸದ್ದು ಮಾಡದಿದ್ದರೂ ಎದ್ದು ನೋಡುತ್ತಿದ್ದೆ. ಅನ್ನ ಸೇರಲಿಲ್ಲ. ಜಮಖಂಡಿಯ ನಮ್ಮ ಪ್ರಾರ್ಥನೆ ಮನೆಯ ಪಾಸ್ಟರಮ್ಮ ಒಂದು ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದು, ಯಾಕೆ ಹೀಗೆ ಇಳಿದುಹೋಗಿದ್ದೀರಿ ಎಂದು ಕೇಳಿದರು. ಮಗಳ ಚಿಂತೆ ಎಂದೆ. ಏನು ಚಿಂತೆ ಎಂದು ಹೇಳಲಿಲ್ಲ. ಮನೆಯ ಮಾನ ಅಂತ ಒಂದು ಇರುತ್ತದಲ್ಲ, ಹಾಳಾದ್ದು.

ಅವರು ಎರಡು ನೂರು ಪುಟದ ಒಂದು ವಹಿ ಕೊಟ್ಟರು.

"ಎಡಗಡೆ ಪುಟದಾಗ ನಿಮ್ಮ ಚಿಂತಿ ಬರೀರಿ," ಅಂದರು. "ದೇವರ ಮುಂದ ನಾಚಿಕಿ ಬ್ಯಾಡ, ಇದ್ದದ್ದು ಇದ್ದಂಗ ಬರೀರಿ. ಬಲಗಡೆ ಪುಟ ಖಾಲಿ ಬಿಡ್ರಿ. ದೇವರು ಏನು ಮಾಡಿದ ಅನ್ನೋದು ಕಂಡ ದಿನ ಅಲ್ಲಿ ಬರೀರಿ. ಮತ್ತ ತಿಂಗಳಿಗೊಮ್ಮೆ ಕುಂತು ಮೊದಲಿಂದ ತಿರುವಿ ಓದ್ರಿ."

"ನನಗ ಬರಿಯಾಕ ಬರಂಗಿಲ್ಲರಿ, ಏಳನೇ ಕ್ಲಾಸಷ್ಟ ಓದೀನಿ."

"ದೇವರೇನು ಕಾಗುಣಿತ ತಿದ್ದಾಂವ ಅಲ್ಲರಿ."

ಬರೆದೆ. ಖರೆ ಹೇಳುತ್ತೇನೆ, ಅದರಿಂದ ಸಮಾಧಾನ ಸಿಕ್ಕಿತು. ಬೆಳಗ್ಗೆ ಚಹಾ ಆದಮೇಲೆ, ಮಗ್ಗ ಚಾಲೂ ಆಗುವ ಮೊದಲು ಹತ್ತು ನಿಮಿಷ. 'ದೇವರೇ, ಅವನ ಕೈ ತಡೆ.' 'ದೇವರೇ, ಅವಳಿಗೆ ತಾಳ್ಮೆ ಕೊಡು.' ಬರೆದು ಮುಚ್ಚಿಟ್ಟರೆ ಎದೆಯ ಮೇಲಿನ ಕಲ್ಲು ಇಳಿದಂತೆ ಆಗುತ್ತಿತ್ತು. ನೂಲು ಹರಿಯುವುದು ನಿಂತಿತು. ಉಂಡದ್ದು ಮೈಗೆ ಹತ್ತಿತು. ಬಲಗಡೆಯ ಪುಟಕ್ಕೂ ಬರವಿರಲಿಲ್ಲ. ಮಗಳು ಅಳುತ್ತ ಫೋನು ಮಾಡಿದರೆ ಎಡಗಡೆ ಬರೆಯುತ್ತಿದ್ದೆ. ಫೋನು ಬರದಿದ್ದ ದಿನ ಬಲಗಡೆ ಬರೆಯುತ್ತಿದ್ದೆ, 'ಇವತ್ತು ಫೋನು ಬಂದಿಲ್ಲ, ಚೆನ್ನಾಗಿದ್ದಾಳೆ, ದೇವರಿಗೆ ಸ್ತೋತ್ರ.'

ತಿರುವಿ ಓದಿರಿ ಎಂದಿದ್ದನ್ನು ಮಾತ್ರ ನಾನು ಮಾಡಲಿಲ್ಲ. ಅದು ಸೋಮಾರಿತನವಲ್ಲ, ನಮ್ಮ ಕಸುಬಿನ ರೂಢಿ. ಮದುವೆಯಾಗಿ ಬಂದ ಹೊಸತರಲ್ಲಿ, ಆಗಿನ್ನೂ ಮನೆಯಲ್ಲಿ ಕೈಮಗ್ಗವಿತ್ತು, ನನ್ನ ಅತ್ತೆ ಕಲಿಸಿದ ಮೊದಲ ಪಾಠವೇ ಅದು. ನೇಯ್ದಷ್ಟು ಬಟ್ಟೆ ಮುಂದಿನ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಸೀರೆ ಮುಗಿದು ಕತ್ತರಿಸುವ ತನಕ ಅದನ್ನು ಬಿಚ್ಚಿ ನೋಡುವಂತಿಲ್ಲ. ಬಿಚ್ಚಿದರೆ ಎಳೆಯ ಬಿಗಿ ಹೋಗುತ್ತದೆ, ಮುಂದಿನ ನೇಯ್ಗೆ ಹದಗೆಡುತ್ತದೆ. ನಾನು ಒಂದು ಸಲ ಆಸೆಗೆ ಬಿದ್ದು ಬಿಚ್ಚಿ ನೋಡಿದ್ದಕ್ಕೆ ಅತ್ತೆ ಕೈಯಲ್ಲಿದ್ದ ಲಾಳಿಯಿಂದಲೇ ನನ್ನ ಬೆರಳ ಗೆಣ್ಣಿಗೆ ಹೊಡೆದಿದ್ದರು. "ಕಣ್ಣ ಮುಂದಿಂದಷ್ಟ ನೋಡು. ಸುತ್ತಿದ್ದು ಸುತ್ತಿದ್ದ," ಅಂದಿದ್ದರು. ಗೆಣ್ಣು ಊದಿ ಎಂಟು ದಿನ ರೊಟ್ಟಿ ಬಡಿಯಲು ಆಗಿರಲಿಲ್ಲ. ವಹಿಯನ್ನೂ ನಾನು ಹಾಗೆಯೇ ಮಾಡಿದೆ. ಬರೆದು ಮುಗಿದ ಪುಟಗಳನ್ನೆಲ್ಲ ಒಟ್ಟಿಗೆ ಹಿಡಿದು ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಬಿಡುತ್ತಿದ್ದೆ. ಮೂರು ನಾಲ್ಕು ದಿನಕ್ಕೊಂದು ಹಾಳೆ ಕ್ಲಿಪ್ಪಿನೊಳಗೆ ಹೋಗುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಗಳ ಫೋನು ಬಂತು. ಜಮಖಂಡಿ ಬಸ್ ಸ್ಟ್ಯಾಂಡಿನಿಂದ. ಹಿಂದೆ ಕಂಡಕ್ಟರುಗಳು ಊರು ಕೂಗುವುದು ಕೇಳುತ್ತಿತ್ತು.

"ಯವ್ವಾ, ಮನಿಗೆ ಬರಾಕತ್ತೇನಿ. ಬನಹಟ್ಟಿ ಬಸ್ಸ ನಿಂತೈತಿ."

"ಅಂವಗ ಹೇಳಿ ಬಂದೀಯೇನು?"

"ಇಲ್ಲಬೇ."

"ಹೇಳಲಾರದ ಬಂದರ ನಾಳೆ ನಾಕ ಮಂದಿ ಏನಂತಾರ? ತಿರುಗಿ ಹೋಗು. ಅಂವನ ಕೂಡ ಬಾ, ಹೋಳಿಗಿ ಮಾಡ್ತೀನಿ."

"ಆತವ್ವ," ಅಂದು ಇಟ್ಟುಬಿಟ್ಟಳು. ಮರುದಿನ ಬೆಳಗ್ಗೆ ಅಳಿಯನಿಗೆ ಫೋನು ಮಾಡಿ, ಎಲ್ಲ ಆರಾಮವೇ ಎಂದು ಕೇಳಿದೆ. ಆರಾಮ, ಮನೆಯಲ್ಲೇ ಇದ್ದಾಳೆ ಎಂದ. ಸಂತೋಷದಿಂದ ಬಲಗಡೆ ಪುಟದಲ್ಲಿ ಬರೆದೆ: 'ಮಗಳಿಗೆ ಬುದ್ಧಿ ಬಂತು. ತಿರುಗಿ ಮನೆ ಸೇರಿದಳು. ದೇವರು ದಾರಿಯಲ್ಲಿ ಕಾಪಾಡಿದ. ಸ್ತೋತ್ರ.' ಕ್ಲಿಪ್ಪು ಹಾಕಿದೆ.

ವರ್ಷದ ಕೊನೆಯ ಭಾನುವಾರ ನಮ್ಮಲ್ಲಿ ಹೆಂಗಸರು ಎದ್ದು ನಿಂತು ಆ ವರ್ಷ ದೇವರು ಮಾಡಿದ್ದನ್ನು ಎಲ್ಲರೆದುರು ಹೇಳುವ ವಾಡಿಕೆ ಇದೆ. ಈ ಸಲ ವಹಿ ತಂದು ಓದಿರಿ ಎಂದು ಪಾಸ್ಟರಮ್ಮ ಹೇಳಿಕಳಿಸಿದ್ದರು. ನನ್ನಷ್ಟು ದಪ್ಪನೆಯ ವಹಿ ಯಾರದೂ ಇಲ್ಲ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಗಂಡ ಜ್ವರದಿಂದ ಮಲಗಿದ್ದ, ಒಬ್ಬಳೇ ಹೊರಟೆ. ಚೀಲದಲ್ಲಿ ವಹಿಯ ಜೊತೆ ಒಂದು ಲಾಳಿಯೂ ಇತ್ತು. ಅದರ ಮೊನೆ ಸಡಿಲಾಗಿತ್ತು, ಜಮಖಂಡಿ ಪೇಟೆಯಲ್ಲಿ ಅದೇ ಅಳತೆಯ ಹೊಸದು ತಾ ಎಂದು ಗಂಡ ಕೊಟ್ಟಿದ್ದ.

ನನ್ನ ಸರದಿ ಬಂದಾಗ ಮುಂದೆ ಹೋಗಿ ನಿಂತು, ಕ್ಲಿಪ್ಪು ತೆಗೆದು, ಮೊದಲ ಪುಟದಿಂದ ದೊಡ್ಡ ದನಿಯಲ್ಲಿ ಓದತೊಡಗಿದೆ. ಮಗ್ಗದ ಮನೆಯವಳ ದನಿ, ಮೈಕು ಬೇಕಿರಲಿಲ್ಲ.

'ಮಗಳ ಫೋನು ಬಂತು, ಅತ್ತಳು. ದೇವರೇ ಅವಳಿಗೆ ತಾಳ್ಮೆ ಕೊಡು.' ಅದರ ಎದುರಿಗೆ, 'ಮೂರು ದಿನ ಫೋನು ಬಂದಿಲ್ಲ, ಸ್ತೋತ್ರ.' ಮುಂದಿನ ಪುಟ, 'ಮಗಳು ಬಚ್ಚಲದಲ್ಲಿ ಜಾರಿಬಿದ್ದಳಂತೆ, ಹಲ್ಲು ಮುರಿಯಿತಂತೆ. ದೇವರೇ ವಾಸಿ ಮಾಡು.' ಹೆಂಗಸರು ಆಮೆನ್ ಅಂದರು. 'ಐದು ದಿನ ಫೋನು ಬಂದಿಲ್ಲ, ಸ್ತೋತ್ರ.' ಆಮೆನ್. 'ಮಗಳ ಕೈ ಮೇಲೆ ಹಾಲಿನ ಪಾತೇಲಿ ಉರುಳಿತಂತೆ.' 'ವಾರವಿಡೀ ಫೋನು ಬಂದಿಲ್ಲ, ಸ್ತೋತ್ರ.' 'ಮಗಳ ಬೆರಳು ಕದದಲ್ಲಿ ಸಿಕ್ಕು ಮುರಿಯಿತಂತೆ.'

ಆಮೆನ್ ಅನ್ನುವ ದನಿ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನಾನು ಓದುತ್ತಲೇ ಇದ್ದೆ, ನಾಲಿಗೆ ನಿಲ್ಲಲಿಲ್ಲ. ಪ್ರತಿ ಸ್ತೋತ್ರದ ಹಿಂದೆಯೂ ಒಂದು ಮುರಿದ ಎಲುಬು. ಫೋನು ಬರದ ದಿನಗಳೆಂದರೆ ಅವಳಿಗೆ ಫೋನು ಹಿಡಿಯಲು ಕೈ ಇಲ್ಲದ ದಿನಗಳು. ಒಂದು ವರ್ಷ ಬಿಗಿಯಾಗಿ ಸುತ್ತಿಟ್ಟ ಬಟ್ಟೆ ಅಷ್ಟೂ ಜನರೆದುರು ಬಿಚ್ಚಿಕೊಂಡಿತ್ತು, ಗಜಗಜಕ್ಕೂ ರಕ್ತ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ವಹಿ ಮುಚ್ಚಿ, ಚೀಲ ಹೆಗಲಿಗೆ ಹಾಕಿ, ಪಾದರಕ್ಷೆ ಹುಡುಕದೆ ಹೊರಗೆ ನಡೆದೆ.

ಪಾಸ್ಟರಮ್ಮ ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಓಡಿಬಂದರು. ಮುಧೋಳದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತರು. ಪ್ರಾರ್ಥನೆ ಮಾಡೋಣವೇ ಎಂದು ಕೇಳಿದರು.

"ನೀವು ಮಾಡ್ರಿ," ಅಂದೆ. "ನಂದು ಒಂದು ವರ್ಸ ಆಗೇತಿ."

ಅಳಿಯನ ಬಾಗಿಲು ಮುಚ್ಚಿತ್ತು. ಒಳಗೆ ಹಾರ್ಮೋನಿಯಂ ಕೇಳುತ್ತಿತ್ತು. ಬಡಿದೆ. ಅವನೇ ತೆಗೆದ. ತಲೆ ಬಾಚಿಕೊಂಡಿದ್ದ, ಬಿಳಿ ಅಂಗಿ, ಮುಖ ತುಂಬ ನಗು.

"ಬರ್ರಿ ಅತ್ತಿ. ಪಾಸ್ಟರಮ್ಮಾರೂ ಬಂದಾರ. ಒಂದು ಫೋನ್ ಮಾಡೂದಿಲ್ಲೇನ್ರಿ?"

"ಮಗಳೆಲ್ಲಿ?"

"ಮಕ್ಕೊಂಡಾಳ್ರಿ. ತಲಿನೋವು ಅಂದ್ಲು."

ಅವನನ್ನು ದಾಟಿ ಒಳಗೆ ಹೋದೆ. ಅಡುಗೆಮನೆಯ ಮೂಲೆಯಲ್ಲಿ ಹಿಟ್ಟಿನ ಡಬ್ಬಿಗೆ ಒರಗಿ ಮಗಳು ಕುಳಿತಿದ್ದಳು. ಎಡಗಿವಿಯಿಂದ ರಕ್ತ ಇಳಿದು ಕುಪ್ಪಸದ ಹೆಗಲು ಒದ್ದೆಯಾಗಿತ್ತು. ತುಟಿ ಸೀಳಿತ್ತು. ನನ್ನನ್ನು ಕಂಡವಳು ಎರಡೂ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ನನ್ನನ್ನು ಕಂಡು. ನಾನು ಹೊಡೆಯಲು ಬಂದೆನೆಂದು ತಿಳಿದಳು.

ಹಿಂದಿನಿಂದ ಅವನು ಹೇಳುತ್ತಿದ್ದ, "ಬಚ್ಚಲದಾಗ ಜಾರಿದಳ್ರಿ ಅತ್ತಿ."

ಚೀಲದೊಳಗೆ ಕೈ ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ. ಲಾಳಿ ಕೈಗೆ ಬಂದಿತ್ತು. ಮೊದಲ ಏಟು ಅವನ ಬಲಗೈಗೆ ಬಿತ್ತು, ಮಣಿಕಟ್ಟಿನ ಎಲುಬು ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ಅವನು ಅರಚಿಕೊಂಡು ಬಗ್ಗಿದ. ಎರಡನೆಯದು ಬೆನ್ನಿಗೆ. ಅವನು ನನ್ನ ಸೆರಗು ಹಿಡಿದು ಎಳೆದ, ಇಬ್ಬರೂ ಬಿದ್ದೆವು, ನನ್ನ ತಲೆ ಹೊಸ್ತಿಲಿಗೆ ಬಡಿಯಿತು. ನೋವು ಗೊತ್ತಾಗಲಿಲ್ಲ. ಅವನ ಎದೆಯ ಮೇಲೆ ಮಂಡಿ ಊರಿ ಲಾಳಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ, ಮೊನೆ ಕೆಳಗೆ ಮಾಡಿ. ಕಿವಿಯ ಮೇಲೆ ಮೆತ್ತಗಿನ ಜಾಗ ಒಂದಿರುತ್ತದೆ, ಅಲ್ಲಿಗೇ ಗುರಿ. ಪಾಸ್ಟರಮ್ಮ ಯೇಸುವೇ, ಯೇಸುವೇ ಎಂದು ನನ್ನ ತೋಳು ಜಗ್ಗುತ್ತಿದ್ದರು. ಅವರನ್ನು ಮೊಣಕೈಯಿಂದ ನೂಕಿದೆ. ಆ ಗಳಿಗೆಯಲ್ಲಿ ದೇವರು ಎದುರು ಬಂದು ನಿಂತಿದ್ದರೂ ಅವನನ್ನೂ ನೂಕುತ್ತಿದ್ದೆ. ಸುಳ್ಳು ಬರೆಯುವುದು ಸಾಕಾಗಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂಲೆಯಿಂದ ಮಗಳು ಮಾತಾಡಿದಳು, ಮೆಲ್ಲಗೆ, ಅಂಗಡಿಗೆ ಹೋಗಿ ಬಾ ಅನ್ನುವಷ್ಟು ಮೆಲ್ಲಗೆ.

"ಯವ್ವಾ, ನೀ ಜೇಲಿಗೆ ಹೋದರ ನಾ ಯಾರ ಮನಿಗೆ ಹೋಗ್ಲಿ?"

ಎತ್ತಿದ ಕೈ ಹಾಗೇ ನಿಂತಿತು. ಐವತ್ತು ವರ್ಷದಲ್ಲಿ ಮೊದಲನೆಯ ಸಲ ಎದ್ದ ಕೈ ಬೀಳದೆ ನಿಂತಿತು. ಲಾಳಿಯನ್ನು ನೆಲಕ್ಕೆ ಹಾಕಿದೆ. ಅವಳನ್ನು ಎಬ್ಬಿಸಿ, ಸೆರಗಿನಿಂದ ಕಿವಿ ಒತ್ತಿ ಹಿಡಿದು, ಹೊರಗೆ ಕರೆದುಕೊಂಡು ಬಂದೆ. ಸಂದಿಯಲ್ಲಿ ಜನ ಸೇರಿದ್ದರು. ನಾಕು ಮಂದಿ ಏನಂತಾರೆ ಎಂದು ವರ್ಷವಿಡೀ ಹೆದರಿದ್ದೆನಲ್ಲ, ಅವರು ಏನೂ ಅನ್ನಲಿಲ್ಲ. ಒಬ್ಬರು ಆಟೋ ಕರೆದರು.

ಆಸ್ಪತ್ರೆಯಿಂದ ಠಾಣೆಗೆ ಹೋದೆವು. ಯಾವ ಯಾವ ದಿನ ಹೊಡೆದ ಎಂದು ಕೇಳಿದ ಮಹಿಳಾ ಪೊಲೀಸಿಗೆ ಮಗಳು ನೆನಪಿಲ್ಲ ಎಂದಳು. ನಾನು ವಹಿ ತೆಗೆದು ಮೇಜಿನ ಮೇಲಿಟ್ಟೆ. ಆಕೆ ಒಂದೊಂದೇ ಪುಟ ತಿರುವಿ ಬರೆದುಕೊಂಡಳು. ಅಳಿಯನ ಕೈ ಮುರಿದದ್ದಕ್ಕೆ ನನ್ನ ಮೇಲೂ ಒಂದು ಕೇಸು ಆಯಿತು. ಎರಡೂ ಕೇಸು ಇನ್ನೂ ನಡೆದಿವೆ, ಕರೆದಾಗಲೆಲ್ಲ ಕೋರ್ಟಿಗೆ ಹೋಗಿ ನಿಲ್ಲುತ್ತೇನೆ. ಹೊಡೆದದ್ದು ತಪ್ಪು ಎಂದು ದೇವರ ಹತ್ತಿರ ಹೇಳಿದ್ದೇನೆ. ಅದಕ್ಕಿಂತ ದೊಡ್ಡ ತಪ್ಪು ಯಾವುದೆಂದೂ ಹೇಳಿದ್ದೇನೆ.

ಮಗಳ ಎಡಗಿವಿಗೆ ಮತ್ತೆ ಕೇಳಿಸಲಿಲ್ಲ. ಮಗ್ಗದ ಸದ್ದು ಈಗ ಅರ್ಧವೇ ಆಗಿದೆ ಎಂದು ಅವಳೇ ನಗುತ್ತಿದ್ದಳು. ಬೀಳಗಿಯ ಹಾಸ್ಟೆಲೊಂದರಲ್ಲಿ ಅವಳಿಗೆ ಕೆಲಸ ಸಿಗುವ ತನಕ ನಮ್ಮ ಮನೆಯಲ್ಲೇ ಇದ್ದಳು. ಆ ದಿನಗಳಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿದ್ದಾಗ ಅವಳು ವಹಿ ಕೊಡು ಎಂದು ಕೈ ಚಾಚಿದಳು. ಕೊಡಬಾರದು ಅನ್ನಿಸಿತು. ಕೊಟ್ಟೆ. ನಾಲ್ಕು ದಿನ ಅದನ್ನು ಇಟ್ಟುಕೊಂಡಳು. ಐದನೆಯ ದಿನ ನನ್ನ ತೊಡೆಯ ಮೇಲೆ ಇಟ್ಟು, "ಈಗ ಓದು," ಅಂದಳು.

ನಾನು ಬಲಗಡೆ ಸ್ತೋತ್ರ ಬರೆದ ಪ್ರತಿ ಪುಟದಲ್ಲೂ, ನನ್ನ ಅಕ್ಷರದ ಕೆಳಗೆ, ಪೆನ್ಸಿಲಿನಿಂದ ಅವಳು ಬರೆದಿದ್ದಳು. 'ಈ ಮೂರು ದಿನ ಫೋನು ನೀರಿನ ಹಂಡೆಯೊಳಗಿತ್ತು.' 'ಇದು ಜಾರಿದ್ದಲ್ಲ, ಹಾರ್ಮೋನಿಯಮ್ಮಿನ ಮೂಲೆಗೆ ಮುಖ ಬಡಿದ.' 'ಈ ವಾರ ಬಾಯಿ ತೆರೆಯಲು ಬರಲಿಲ್ಲ, ಗಂಜಿ ಕುಡಿದೆ.' ಸಿಟ್ಟಿಲ್ಲ, ಬೈಗುಳವಿಲ್ಲ. ನಡೆದದ್ದು ನಡೆದಂತೆ. ನಾನು ಓದುತ್ತ ಹೋದೆ. ಬೇಸಿಗೆಯ ಆ ಪುಟ ಬಂತು. 'ಮಗಳಿಗೆ ಬುದ್ಧಿ ಬಂತು. ತಿರುಗಿ ಮನೆ ಸೇರಿದಳು. ದೇವರು ದಾರಿಯಲ್ಲಿ ಕಾಪಾಡಿದ. ಸ್ತೋತ್ರ.' ಅದರ ಕೆಳಗೆ ಪೆನ್ಸಿಲಿನ ಅಕ್ಷರ ಉಳಿದವಕ್ಕಿಂತ ಸಣ್ಣದಿತ್ತು.

'ಅವತ್ತು ನಾನು ಮುಧೋಳದ ಬಸ್ಸು ಹತ್ತಲಿಲ್ಲ. ವಿಜಯಪುರದ ಬಸ್ಸು ಹತ್ತಿ ಚಿಕ್ಕಪಡಸಲಗಿಯಲ್ಲಿ ಇಳಿದೆ. ಹೊಳೆಗೆ ಕಟ್ಟಿದ ಬ್ಯಾರೇಜಿನ ಮೇಲೆ ಹೋಗಿ ನಿಂತೆ. ಚಪ್ಪಲಿ ಬಿಟ್ಟಿದ್ದೆ. ಕೆಳಗೆ ಬಟ್ಟೆ ಒಗೆದು ಮುಗಿಸಿದ ಒಬ್ಬ ಹೆಂಗಸು, ತಂಗೀ, ಈ ಗಂಟು ಒಂದೀಟು ತಲಿಮ್ಯಾಲ ಎತ್ತಿ ಕೊಡಬಾ ಎಂದು ಕರೆದಳು. ಇಳಿದು ಹೋದೆ. ಹಸಿ ಗಂಟು, ಬಹಳ ಭಾರ ಇತ್ತು. ಎತ್ತಿ ಕೊಟ್ಟೆ. ಅವಳು ನನ್ನ ಮುಖ ನೋಡಿ, ಉಂಡೀ ಇಲ್ಲೋ, ಮನಿಗೆ ಹೋಗಿ ಉಣ್ಣು ಎಂದಳು. ಹೋಗಲು ನನಗೆ ಮುಧೋಳದ ಮನೆ ಒಂದೇ ಇತ್ತು. ಹೋದೆ.'

ಆ ಮಧ್ಯಾಹ್ನ ಅವಳು ನೀರು ನೋಡುತ್ತ ನಿಂತಿದ್ದಾಗ ನಾನು ಇಲ್ಲಿ ಕಂಡಕಿ ಸುತ್ತುತ್ತಿದ್ದೆ. ಉಣ್ಣು ಅನ್ನುವ ಮಾತು ನನ್ನದಾಗಬೇಕಿತ್ತು. ಗೋಡೆಗೆ ತಲೆ ಗಟ್ಟಿಸಿ ಅತ್ತೆ. ಅತ್ತು ಮುಗಿದ ಮೇಲೆ ಪೆನ್ನು ತೆಗೆದುಕೊಂಡು, ಆ ಪುಟದ ಮೇಲಿನ ನನ್ನ ಸ್ತೋತ್ರವನ್ನು ಹೊಡೆದುಹಾಕಲು ಗೀಟು ಎಳೆಯಹೋದೆ. ಮಗಳು ಮುರಿದು ಕೂಡಿದ ಬೆರಳಿನ ಕೈಯಿಂದ ನನ್ನ ಕೈ ಹಿಡಿದಳು.

"ಇರ್ಲಿ ಬಿಡವ್ವ," ಅಂದಳು. "ಅವತ್ತ ದೇವರು ಬಂದಿದ್ದು ಖರೆ. ನೀ ಬರಲಿಲ್ಲ, ಅಷ್ಟ."